ನಿಮ್ಮ ಕಪಾಟಿನಲ್ಲಿರುವ ನಮ್ಮಜ್ಜ

ಬೆಟ್ಟದ ಹಳೇ ಚಿನ್ನದ ಗಣಿಯ ಸ್ಮಾರಕ ರಕ್ಷಣಾಧಿಕಾರಿಗಳಿಗೆ,

ಮಾನ್ಯರೇ,

ಕಳೆದ ಮಂಗಳವಾರ ಗಣಿಯ ಗೇಟಿನಲ್ಲಿ ತಾವು ಖುದ್ದಾಗಿ ಜಪ್ತಿ ಮಾಡಿದ ಮುಳ್ಳುಕೊಂಬೆ ಬರೀ ಕೊಂಬೆಯಲ್ಲ. ಅವರು ನನ್ನ ಅಜ್ಜ, ಲೊಗ್ವಜ ಮಾವಿಂಬೆಲ. ದಯವಿಟ್ಟು ವಾಪಸ್ ಕೊಡಿ.

ತಾವೂ ಇದೇ ಸ್ವಾಜಿ ಜನರ ನೆಲದಲ್ಲಿ ಹುಟ್ಟಿದವರು. ಮನೆಯಿಂದಾಚೆ ಸತ್ತವರನ್ನು ಎಲಚಿ ಜಾತಿಯ ಆ ಮುಳ್ಳುಮರದ ಕೊಂಬೆಯಲ್ಲಿ ಕರೆತರುತ್ತಾರೆ, ಕೊಂಬೆ ಹಿಡಿದವನು ದಾರಿಯುದ್ದಕ್ಕೂ ಸತ್ತವರ ಜೊತೆ ಮಾತ್ರ ಮಾತಾಡಬೇಕು ಎಂಬುದನ್ನು ತಮಗೆ ನಾನು ಹೇಳಿಕೊಡಬೇಕೆ? ಕುರ್ಚಿ ಸಿಕ್ಕಿದ ಮೇಲೆ ಮರೆತುಹೋಯಿತೇನೋ. ಕುರ್ಚಿ ಅಂಥದ್ದು.

ಎಪ್ಪತ್ತು ವರ್ಷ ಅಜ್ಜ ಯಾವ ಸುರಂಗದಲ್ಲಿ ಉಳಿದರೆಂದು ನಮಗೆ ಗೊತ್ತಿರಲಿಲ್ಲ. ಕಂಪನಿ ಹೇಳಲಿಲ್ಲ, ಸುರಂಗಗಳ ಬಾಯಿಗೆ ಕಾಂಕ್ರೀಟು ಬಡಿದು ಊರು ಬಿಟ್ಟಿತು. ಬಿಟ್ಟುಹೋಗಿದ್ದು ತುಕ್ಕು ಹಿಡಿದ ರಾಟೆ, ಅದಿರು ಕುಟ್ಟುತ್ತಿದ್ದ ಯಂತ್ರ, ದೊರೆಯ ಸ್ನಾನದ ತೊಟ್ಟಿ. ಆ ತೊಟ್ಟಿಯಲ್ಲಿ ನಮ್ಮ ಆಡುಗಳು ನೀರು ಕುಡಿಯುತ್ತಿದ್ದವು. ಗಣಿಯಿಂದ ಈ ಊರಿಗಾದ ಲಾಭ ಅಷ್ಟೇ. ಹೋದ ವರ್ಷ ತಾವು ಬೇಲಿ ಹಾಕಿ ಅದನ್ನೂ ತಪ್ಪಿಸಿದಿರಿ. ಆಮೇಲೆ ಒಂದು ಫಲಕ ನೆಟ್ಟಿರಿ: 'ಮೂರನೇ ಸುರಂಗ. ೧೯೫೩ರಲ್ಲಿ ಕುಸಿಯಿತು. ಜೀವಹಾನಿ ಇಲ್ಲ.' ಅಜ್ಜ ಗಣಿಗಿಳಿದು ಮರಳದ ವರ್ಷವೇ ಅದು! ತಮ್ಮ ಸುಳ್ಳೇ ನಮಗೆ ದಾರಿ ತೋರಿಸಿತು. ಇಲಾಖೆಯ ಇತಿಹಾಸದಲ್ಲಿ ಜನರಿಗೆ ಉಪಯೋಗಕ್ಕೆ ಬಂದ ಮೊದಲ ಫಲಕ ಇದೇ ಇರಬೇಕು.

ದೊಡ್ಡಪ್ಪ ಮಫಿಕ ನಮ್ಮ ಕೊಟ್ಟಿಗೆಯ ಹಿಂದಿನ ಮರದಿಂದ ಕೊಂಬೆ ಕಡಿದರು. ಕಾಂಕ್ರೀಟಿನ ಮೇಲೆ ಅದನ್ನಿಟ್ಟು, "ಅಪ್ಪಾ, ಎದ್ದೇಳಿ, ಮನೆಗೆ ಹೋಗೋಣ" ಅಂದರು. ಅಪ್ಪನ ಮುಖವೇ ನೆನಪಿಲ್ಲದ ಮಗ. ನಾನು ಜನ್ಮದಲ್ಲಿ ಮೊದಲ ಸಲ ಸುಮ್ಮನಿದ್ದೆ.

ಗೇಟಿನವರೆಗೆ ಮಾತ್ರ. ಅಲ್ಲಿ ಕಾವಲುಗಾರ ದುಮಿಸ, "ಇಬ್ಬರೇ ತಾನೇ?" ಅಂದ. ನನ್ನ ನಾಲಿಗೆ ತಡೆಯಲಿಲ್ಲ.

"ಹೋಗ್ವಾಗ ಇಬ್ರು. ಬರ್ತಾ ಮೂವರು."

"ಮೂರನೇವ್ನು ಎಲ್ಲವ್ವಾ?"

"ದೊಡ್ಡಪ್ಪನ ಕೈಲವ್ರೆ. ಟಿಕೆಟ್ ಹರೀತೀಯಾ? ಹಿರಿಯರಿಗೆ ರಿಯಾಯಿತಿ ಐತಾ?"

ಅವನು ನಕ್ಕ. ತಾವು ನಗಲಿಲ್ಲ. ಕಾರಿನಿಂದಿಳಿದು ಬಂದು, "ಏನಯ್ಯಾ ಮುದುಕಾ, ಸ್ಮಾರಕದ ಗಿಡ ಕಡೀತೀಯಾ? ಬಾಯಿಲ್ವಾ ನಿಂಗೆ?" ಅಂದಿರಿ. ದೊಡ್ಡಪ್ಪನಿಗೆ ಬಾಯಿತ್ತು, ಸ್ವಾಮಿ. ತೆರೆದರೆ ಅಜ್ಜ ಅಲ್ಲೇ ನಿಂತುಬಿಡುತ್ತಿದ್ದರು. ಕೊಂಬೆ ನಮ್ಮ ಮನೆಯದು ಅಂತ ನಾನು ಕೂಗಿಕೊಂಡೆ. ಅಷ್ಟು ಹೊತ್ತು ತಮಾಷೆ ಮಾಡಿದವಳ ಮಾತನ್ನು ಯಾರು ನಂಬುತ್ತಾರೆ? ತಾವು ಕೊಂಬೆ ಕಿತ್ತುಕೊಂಡಿರಿ. ದೊಡ್ಡಪ್ಪನ ಅಂಗೈಯಲ್ಲಿ ಮುಳ್ಳು ಮುರಿಯಿತು. ಆಗಲೂ ಅವರು ತುಟಿ ಬಿಚ್ಚಲಿಲ್ಲ. 'ವಿಚಾರಣೆಗೆ ಸಹಕರಿಸಲಿಲ್ಲ' ಎಂದು ತಾವು ಬರೆದುಕೊಂಡಿರಿ.

ಈಗ ಒಂದು ಸಣ್ಣ ಪ್ರಶ್ನೆ. ಫಲಕ ಹೇಳುವಂತೆ ಅಲ್ಲಿ ಯಾರೂ ಸತ್ತಿಲ್ಲವಾದರೆ ತಮ್ಮ ಹತ್ತಿರ ಇರುವುದು ನಮ್ಮ ಕೊಟ್ಟಿಗೆಯ ಒಣಕಡ್ಡಿ. ಅದನ್ನು ಕಾಯಲು ಸರ್ಕಾರಿ ಕಪಾಟು ಯಾಕೆ? ಅದು ಬರೀ ಕಡ್ಡಿಯಾದರೆ, ಆ ಕಪಾಟಿರುವ ಕೋಣೆಯಲ್ಲಿ ಒಬ್ಬರೇ ಕೂರಲು ಹೆದರಿ ತಾವು ಮೇಜನ್ನು ವರಾಂಡಕ್ಕೆ ಹಾಕಿಸಿಕೊಂಡಿದ್ದೀರಂತಲ್ಲ, ಅದು ಯಾಕೆ? ದುಮಿಸ ಎಲ್ಲ ಹೇಳಿದ್ದಾನೆ.

ಹಿರಿಯರು ತೀರ್ಮಾನಿಸಿದ್ದಾರೆ: ಕಿತ್ತುಕೊಂಡ ಕೈಯೇ ತಂದುಕೊಡಬೇಕು. ಮೊದಲು ಫಲಕದಲ್ಲಿ ಅಜ್ಜನ ಹೆಸರು ಬರೆಸಿ. ಆಮೇಲೆ ಕಾರಿನ ಮುಂದಿನ ಸೀಟು ಅವರಿಗೆ ಬಿಟ್ಟುಕೊಡಿ. ತಿರುವು ಬಂದಾಗ "ಅಜ್ಜಾ, ತಿರುಗ್ತಾ ಇದೀವಿ", ಹೊಳೆ ಬಂದಾಗ "ಅಜ್ಜಾ, ದಾಟ್ತಾ ಇದೀವಿ" ಎನ್ನಿ. ಬೇರೆ ಯಾರ ಜೊತೆಗೂ ಮಾತು ಬೇಡ. ಅಷ್ಟು ಹೊತ್ತು ತಾವು ಸುಮ್ಮನಿದ್ದರೆ ಇಲಾಖೆಗೂ ಒಳ್ಳೆಯದೇ.

ಬೇಗ ಬನ್ನಿ. ಆ ಮಂಗಳವಾರ ಬೆಳಿಗ್ಗೆಯೇ ಅಜ್ಜಿ ಗುಡಿಸಲಲ್ಲಿ ಅಜ್ಜನಿಗೆಂದು ಎರಡನೇ ಚಾಪೆ ಹಾಸಿದಳು. ಅವಳಿಗೀಗ ತೊಂಬತ್ತೊಂದು, ಕಣ್ಣು ಕಾಣುವುದಿಲ್ಲ. ಕಾರಿನ ಸದ್ದಾದಾಗಲೆಲ್ಲ, "ಬಂದ್ರೇನೇ?" ಅಂತ ಕೇಳುತ್ತಾಳೆ. ಎಲ್ಲದಕ್ಕೂ ಒಂದು ಕುಹಕದ ಉತ್ತರ ಇಟ್ಟುಕೊಂಡಿರುವ ನಾನು ಎದ್ದುಹೋಗಿ ಆ ಚಾಪೆಯ ಧೂಳು ಕೊಡವುತ್ತೇನೆ.

ಇಂತಿ,
ಆ ಗೇಟಿನಲ್ಲಿ ಬಾಯಿ ಮುಚ್ಚಿಕೊಂಡಿರಬೇಕಾಗಿದ್ದ
ತೆಂಗೆತಿಲೆ ಮಾವಿಂಬೆಲ