ಹಳೇ ಜಾಗಕ್ಕೇ ಚುಚ್ಚಿದ ವಯರು

ವಾಮದಪದವು
12-10-2025

ಪ್ರೀತಿಯ ಉಮ್ಮರ್‌ಗೆ, ನಿತ್ಯಾನಂದನ ಸಲಾಂ.

ನೀನು ನಮ್ಮ ಸ್ಟುಡಿಯೋ ಬಿಟ್ಟು ಕೊಕ್ಕಡಕ್ಕೆ ಹೋಗಿ ಹತ್ತು ತಿಂಗಳಾಯಿತು, ನಾನು ಕಾಗದ ಬರೆಯುತ್ತಿರುವುದು ಈಗ. ಬೈಯುವುದಿದ್ದರೆ ಪೂರ್ತಿ ಓದಿದ ಮೇಲೆ ಬೈ. ಫೋನಿನಲ್ಲಿ ನಿನ್ನ ದನಿ ಕೇಳಿದರೆ ನನಗೆ ಮಾತು ಹೊರಡುವುದಿಲ್ಲ, ಅದಕ್ಕೇ ಕಾಗದ.

ಮೊದಲು ದೊಡ್ಡ ಸುದ್ದಿ. ನಮ್ಮ ಕಂಪ್ಯೂಟರಿಗೆ ಗ್ರಾಫಿಕ್ಸ್ ಕಾರ್ಡ್ ಬಂತು ಮಾರಾಯ! ನೀನು ಮೂರು ವರ್ಷ ಕೇಳಿದ್ದು. "ಒಳಗೇ ಇರುವ ಗ್ರಾಫಿಕ್ಸಿನಲ್ಲಿ ಚಿತ್ರ ಕಾಣ್ತದಲ್ಲ, ಬೇರೆ ಕಾರ್ಡ್ ಎಂತಕ್ಕೆ?" ಎಂದು ನಾನು ಮೂರು ವರ್ಷ ಹೇಳಿದ್ದು. ಮೂಡುಬಿದಿರೆಯ ಕಂಪ್ಯೂಟರ್ ಅಂಗಡಿಯ ಶುಭಶ್ರೀ ಬಂದು ಹಾಕಿಕೊಟ್ಟು ಹೋದಳು. ಎರಡು ಫ್ಯಾನಿನ ಕಾರ್ಡು, ಇಟ್ಟಿಗೆಯಷ್ಟು ದಪ್ಪ.

ಮಾರನೇ ದಿನವೇ ಆಯುಧಪೂಜೆ. ನನ್ನ ಭಕ್ತಿ ನಿನಗೆ ಗೊತ್ತಲ್ಲ. ವಯರುಗಳನ್ನೆಲ್ಲ ಕಿತ್ತು, ಧೂಳು ಒರೆಸಿ, ಕ್ಯಾಮೆರಾಗಳ ಪಕ್ಕದಲ್ಲಿ ಕಂಪ್ಯೂಟರನ್ನೂ ಇಟ್ಟು, ಗಂಧ ಹಚ್ಚಿ, ಸೇವಂತಿಗೆ ಮಾಲೆ ಹಾಕಿ ಆರತಿ ಎತ್ತಿದೆ. ಆಮೇಲೆ ಇಷ್ಟು ವರ್ಷದ ಅಭ್ಯಾಸದಂತೆ ವಯರುಗಳನ್ನು ಚುಚ್ಚಿದೆ. ಪೊಳಲಿಯ ಮದುವೆಯ ವಿಡಿಯೋ ತೆರೆದರೆ ಅದೇ ಕಥೆ! ಧಾರೆಯ ನೀರು ನಿಂತು ನಿಂತು ಬೀಳುತ್ತದೆ, ಮದುಮಗಳ ನಗು ಅರ್ಧದಲ್ಲಿ ಸಿಕ್ಕಿಕೊಳ್ಳುತ್ತದೆ. ಒಂದು ವಾರ ಕಾರ್ಡನ್ನೂ ಅಂಗಡಿಯನ್ನೂ ಒಟ್ಟಿಗೇ ಬೈದೆ.

ಶುಭಶ್ರೀ ಮತ್ತೆ ಬಂದು, ಕಂಪ್ಯೂಟರಿನ ಹಿಂದೆ ಬಗ್ಗಿ ನೋಡಿ, ಗೋಡೆ ಹಿಡಿದುಕೊಂಡು ನಕ್ಕಳು. "ಎಂತ ಸರ್, ಸ್ಕ್ರೀನಿನ ವಯರನ್ನು ಹಳೇ ಜಾಗಕ್ಕೇ ಚುಚ್ಚಿದ್ದೀರಲ್ಲ! ಹೊಸ ಕಾರ್ಡು ಪೂಜೆ ಮಾಡಿಸಿಕೊಂಡು ಸುಮ್ಮನೆ ಕೂತುಂಟು. ಕೆಲಸ ಎಲ್ಲ ಹಳೇದೇ ಮಾಡ್ತಾ ಉಂಟು."

ವಯರನ್ನು ಕಾರ್ಡಿಗೆ ಚುಚ್ಚಿದಳು. ಉಮ್ಮರ್, ಧಾರೆಯ ನೀರು ಸರಾಗ ಹರಿಯಿತು! ಎಡಿಟಿಂಗ್ ಆದ ಮೇಲೆ ವಿಡಿಯೋ ಹೊರಗೆ ಬರಲು ಇಡೀ ದಿನ ಕಾಯುತ್ತಿದ್ದೆವಲ್ಲ, ನಾನು ಗಂಜಿ ಉಂಡು ಬರುವಷ್ಟರಲ್ಲಿ ಅದು ಮುಗಿದಿತ್ತು. ನಾನು ಹಾಕಿದ ಬೊಬ್ಬೆಗೆ ಪಕ್ಕದ ಅಂಗಡಿಯ ರುಕ್ಮಯ್ಯ ಕರೆಂಟು ಹೊಡೆಯಿತೆಂದು ಓಡಿ ಬಂದ. ಅವನನ್ನೂ ನನ್ನ ಹೆಂಡತಿ ಕಾಂತಿಯನ್ನೂ ಕೂರಿಸಿ ಮೂರು ಸಲ ತೋರಿಸಿದೆ. ಅವಳು ಎಂತ ಹೇಳಿದಳು ಗೊತ್ತುಂಟಾ? "ಉಮ್ಮರಣ್ಣ ಇದ್ದಿದ್ದರೆ ಇದರಲ್ಲಿ ಎಂತೆಲ್ಲ ಮಾಡ್ತಿದ್ದರು!" ಇಷ್ಟು ಕಷ್ಟಪಟ್ಟವನಿಗೆ ಸಿಕ್ಕಿದ ಬಹುಮಾನ ಅದು.

ಅವಳು ಹೇಳಿದ್ದು ಸರಿ. ನನಗೆ ಶೂಟಿಂಗ್ ಗೊತ್ತು, ಚಂದ ಮಾಡಿ ಜೋಡಿಸಲಿಕ್ಕೆ ನೀನೇ ಬೇಕು. ನಿನ್ನ ಕುರ್ಚಿಯಲ್ಲಿ ಬೇರೆ ಯಾರನ್ನೂ ಕೂರಿಸಿಲ್ಲ, ಇಷ್ಟು ದಿನ ಎಡಿಟಿಂಗನ್ನು ಹೊರಗೆ ಕೊಟ್ಟು ಮಾಡಿಸಿದೆ. ವಾಪಸ್ ಬಾ.

ನಿನ್ನ ಉಮ್ಮ ಆಸ್ಯಮ್ಮನವರಿಗೆ ನನ್ನ ನಮಸ್ಕಾರ ಹೇಳು. ಮಗಳಿಗೆ ಆಶೀರ್ವಾದ, ಚೆನ್ನಾಗಿ ಓದಲಿ. ದೇವರು ನಿಮ್ಮನ್ನೆಲ್ಲ ಸುಖವಾಗಿಡಲಿ.

ನಿನ್ನ
ನಿತ್ಯಾನಂದ

ತಾ.ಕ.: ಮರೆತದ್ದಲ್ಲ, ಬರೆಯುವ ಧೈರ್ಯ ಬಂದದ್ದು ಈಗ. ಕಳೆದ ಡಿಸೆಂಬರಿನಲ್ಲಿ ವಿಡಿಯೋ ತಡವಾಯಿತೆಂದು ಪೊಳಲಿಯವರು ಬಂದಾಗ, ಅವರ ಎದುರಿನಲ್ಲೇ "ಉಮ್ಮರನಿಗೆ ವಯಸ್ಸಾಯ್ತು, ಕೈ ಓಡುವುದಿಲ್ಲ" ಎಂದೆ. ನೀನು ಕನ್ನಡಕ ಮಡಚಿ ಜೇಬಿಗೆ ಹಾಕಿಕೊಂಡು ಎದ್ದು ಹೋದೆ. ವಯರು ತಪ್ಪಿ ಚುಚ್ಚಿದ ಮೊನ್ನೆಯ ಆ ಒಂದು ವಾರ ಹಳೆಯ ಗ್ರಾಫಿಕ್ಸಿನಲ್ಲಿ ನಾನೇ ಕೂತು ಕೆಲಸ ಮಾಡಿದೆ. ನನ್ನ ಕೈಯೂ ಓಡಲಿಲ್ಲ, ಉಮ್ಮರ್. ಈಗಿನ ಈ ವಿಡಿಯೋ ಅದೇ ಮನೆಯ ಎರಡನೇ ಮಗನದು. ಈ ತಿಂಗಳು ಇಪ್ಪತ್ತಾರನೇ ತಾರೀಕಿಗೆ ಅದನ್ನು ತೆಗೆದುಕೊಂಡು ಹೋಗಲು ಅವರೇ ಬರುತ್ತಾರೆ. ನೀನು ಬಂದು ನಿನ್ನ ಕುರ್ಚಿಯಲ್ಲಿ ಕೂತಿರು. ತಪ್ಪಾಯಿತು ಎಂದು ನಾನು ಅವರ ಎದುರಿನಲ್ಲೇ ಹೇಳಬೇಕು.