ಕ್ಯಾಮೆರಾದ ತೂತು

ಮಾರ್ಚ್ ೧೧, ಮಂಗಳವಾರ

ಪುಟ್ಟ ಮಕ್ಕಳ ಮರದ ಕ್ಯಾಮೆರಾಕ್ಕೆ ಇಣುಕುವ ತೂತು ಬೇಡವಂತೆ. ಆಟಿಕೆ ಕಾರ್ಖಾನೆಯ ಯಜಮಾನರು ಇವತ್ತೂ ಅದನ್ನೇ ಹೇಳಿದರು. "ತೂತಲ್ಲಿ ಇಣುಕೋದು ನಮ್ಮಂಥ ಮುದುಕರು ಕಣಮ್ಮ! ಈಗಿನ ಮಕ್ಕಳು ಫೋನ್ ಥರ ಕೈ ಚಾಚಿ ಹಿಡೀತಾರೆ. ಆ ತೂತಿನ ಮೇಲೆ ಫೋನಿನ ಪರದೆ ಥರ ಒಂದು ಕನ್ನಡಿ ಅಂಟಿಸಿಬಿಡಿ."

ಮಾತು ಸರಿಯೇ. ಅಕ್ಕನ ಮೊಮ್ಮಗಳೂ ಹಾಗೆಯೇ ಹಿಡಿದಳು. ಆದರೆ ಆ ತೂತು ಕೊರೆದದ್ದು ನಮ್ಮವರು, ಆಸ್ಪತ್ರೆ ಸೇರುವ ಹಿಂದಿನ ದಿನ. ಮಗುವಿನ ಹುಬ್ಬಿಗೆ ಒತ್ತದಿರಲೆಂದು ಅಂಚನ್ನು ಉಜ್ಜಿ ಉಜ್ಜಿ ನುಣುಪು ಮಾಡಿದ್ದರು. ಅದೇ ಅವರ ಕೊನೆಯ ಕೆಲಸ.

ಕೂತಲ್ಲಿ ಕೂರಲಾಗುತ್ತಿಲ್ಲ. ಕನ್ನಡಿ ಕತ್ತರಿಸಿದ್ದೇನೆ, ಅಂಟಿಸಲು ಕೈ ಬರುತ್ತಿಲ್ಲ. ಮುಚ್ಚಿದರೂ ಒಳಗೆ ತೂತು ಇದ್ದೇ ಇರುತ್ತದಲ್ಲ ಎಂದು ಸಮಾಧಾನ ಹೇಳಿಕೊಂಡೆ. ಈ ಮಾದರಿಯಲ್ಲಿ ಇರುತ್ತದೆ, ಸರಿ. ಇದನ್ನು ನೋಡಿ ಮಾಡುವ ನೂರಾರು ಕ್ಯಾಮೆರಾಗಳಲ್ಲಿ ಒಂದರಲ್ಲೂ ಇರುವುದಿಲ್ಲ.