ನನ್ನ ಪಾಲಿನ ಪುಟಗಳು

ಯಲಹಂಕ
೧೮ ಮೇ ೧೯೫೮

ಚಿ. ಸೌ. ಪಂಕಜಾಗೆ ನಿನ್ನ ತಂದೆಯ ಆಶೀರ್ವಾದಗಳು.

ಇಲ್ಲಿ ನಾನು, ಯಶವಂತಪುರದ ಮನೆಯಲ್ಲಿ ನಿನ್ನ ಅಮ್ಮ ಕ್ಷೇಮ. ನಿನ್ನ ಮದುವೆಯಾಗಿ ಹದಿನಾಲ್ಕು ತಿಂಗಳಾಯಿತು. ಭದ್ರಾವತಿಯಿಂದ ನೀನು ಮೂರು ಕಾಗದ ಬರೆದೆ, ನಾನು ಒಂದಕ್ಕೂ ಉತ್ತರ ಕೊಡಲಿಲ್ಲ. ಕೆಲಸವಿತ್ತು ಎಂದರೆ ಸುಳ್ಳಾಗುತ್ತದೆ. ಜಾತಿ ಬಿಟ್ಟು ಮದುವೆಯಾದೆಯೆಂಬ ಸಿಟ್ಟಿತ್ತು. ಮಗು ಹುಟ್ಟಿದ್ದು ಬೇರೆಯವರಿಂದ ತಿಳಿಯಿತು. ನಿಮ್ಮನ್ನು ನೋಡಲು ಬರಬೇಕೆನಿಸಿದೆ. ಬಂದರೆ ಬಾಗಿಲು ತೆಗೆಯುವೆಯೋ ಇಲ್ಲವೋ ಎಂದು ಕೇಳುವುದಕ್ಕೇ ಇದನ್ನು ಬರೆಯುತ್ತಿದ್ದೇನೆ. ಬೆಳಗಿನಿಂದ ಮೂರು ಸಲ ಬರೆದು ಹರಿದೆ, ಇದು ನಾಲ್ಕನೆಯದು.

ಕಚೇರಿಗೆ ಹತ್ತು ದಿನ ರಜೆ ಹಾಕಿ ಇಲ್ಲಿನ ಸ್ಕೂಲಿನಲ್ಲಿ ನಡೆಯುವ ಓದುಗರ ಶಿಬಿರಕ್ಕೆ ಬಂದಿದ್ದೇನೆ. ಮಕ್ಕಳಿಗೆ ಬೇಸಿಗೆ ರಜೆಯಾದ್ದರಿಂದ ಸ್ಕೂಲು ಖಾಲಿ. ನಾವು ಎಂಟು ಜನ ಬೆಂಚು ಜೋಡಿಸಿ ಮಲಗುತ್ತೇವೆ. ಈ ಸಲದ ಪುಸ್ತಕ ಯಾವುದೋ ಚಳಿದೇಶದ ಕಾದಂಬರಿ, ಇಂಗ್ಲಿಷಿನಿಂದ ಕನ್ನಡಕ್ಕೆ ಬಂದದ್ದು. ಅನುವಾದ ಚೆನ್ನಾಗಿದೆ. ಆದರೆ ಒಬ್ಬಳೇ ಹೆಂಗಸು ಒಂದು ಕಡೆ ಅತ್ತೆ, ಇನ್ನೊಂದು ಕಡೆ ಚಿಕ್ಕಮ್ಮ ಆಗಿದ್ದಾಳೆ.

ಸಿಕ್ಕಿದ್ದು ಒಂದೇ ಪ್ರತಿ. ಶಿಬಿರ ನಡೆಸುವ ಮುನಿವೆಂಕಟಯ್ಯ ಮೇಷ್ಟ್ರು ಬ್ಲೇಡಿನಿಂದ ಹೊಲಿಗೆ ಬಿಚ್ಚಿ ಎಂಟು ಕಂತೆ ಮಾಡಿ ಹಂಚಿದರು. ದಿನಕ್ಕೊಬ್ಬರ ಸರದಿ. ತಮ್ಮ ಕಂತೆಯಲ್ಲಿರುವುದನ್ನು ಊಟವಾದ ಮೇಲೆ ಎಲ್ಲರಿಗೂ ಹೇಳಬೇಕು, ಆಮೇಲೆ ಚರ್ಚೆ. ಇನ್ನೊಬ್ಬರ ಪುಟ ಯಾರೂ ನೋಡುವಂತಿಲ್ಲ.

ನನ್ನ ಕಂತೆಯಲ್ಲಿ ದೋಣಿ ನಡೆಸುವ ಒಬ್ಬ ತಂದೆ ಇದ್ದ. ಮನೆ ಬಿಟ್ಟು ಹೋಗಿದ್ದ ಮಗಳು ಹೊಳೆಯ ಆಚೆ ದಡಕ್ಕೆ ಬಂದು ಅಪ್ಪಾ ಎಂದು ಕೂಗುತ್ತಾಳೆ. ಅವನಿಗೆ ಕೇಳಿಸುತ್ತದೆ. ಆದರೂ ದೋಣಿ ಬಿಚ್ಚದೆ ಬಲೆ ಹೊಲಿಯುತ್ತ ಕೂರುತ್ತಾನೆ. ಪುಸ್ತಕದಲ್ಲಿರುವುದು ಇಷ್ಟೇ. ನಾನು ಎದ್ದು ನಿಂತವನು, ಅವನು ದೋಣಿ ಹಾಕಿಕೊಂಡು ಹೋಗಿ ಮಗಳನ್ನು ಕರೆತಂದ ಎಂದುಬಿಟ್ಟೆ. ಯೋಚಿಸಿ ಹೇಳಿದ್ದಲ್ಲ. ಇಪ್ಪತ್ತಾರು ವರ್ಷ ನೋಂದಣಿ ಕಚೇರಿಯಲ್ಲಿ ಕ್ರಯಪತ್ರಗಳ ನಕಲು ಬರೆದಿದ್ದೇನೆ; ಒಂದು ಕೊಂಬು ತಪ್ಪಿದರೂ ಹಾಳೆ ಬದಲಿಸಿದ್ದೇನೆ.

ನಮಗೆ ಅಡುಗೆ ಮಾಡುವ ಮುನಿಯಲ್ಲಮ್ಮ ಬಾಗಿಲಲ್ಲಿ ಕೂತು ಕೇಳುತ್ತಿದ್ದರು. ಸೆರಗಿನಿಂದ ಕಣ್ಣೊರೆಸಿಕೊಂಡು, "ಅಂಗಿರ್ಬೇಕು ಕಣ್ರಪ್ಪಾ ತಂದೆ ಅಂದ್ರೆ" ಎಂದರು. ಅವರ ಕೈಯ ಹುರುಳಿ ಸಾರನ್ನು ದಿನಾ ಎರಡು ಸಲ ಹಾಕಿಸಿಕೊಳ್ಳುತ್ತೇನೆ. ನಿನ್ನ ಮದುವೆಯ ಊಟಕ್ಕೆ ಬಾರದವನು.

ಮರುದಿನ ರೈಲ್ವೆಯ ಮುಜಫ್ಫರ್ ಸಾಹೇಬರ ಸರದಿ. ಅವರು ತಮ್ಮ ಮೊದಲ ಪುಟವನ್ನು ಎರಡು ಸಲ ನೋಡಿ, "ಏನ್ ಸ್ವಾಮಿ, ನಿಮ್ ದೋಣಿ ನಡುನೀರಲ್ಲೇ ಮುಳುಗ್ತಾ? ನನ್ ಪುಟದಲ್ಲಿ ಹುಡುಗಿ ಇನ್ನೂ ಆಚೆ ದಡದಲ್ಲೇ ನಿಂತವಳೆ, ಪಾಪ, ಕೂಗಿ ಕೂಗಿ ಗಂಟಲು ಕಟ್ಟೋಗಿದೆ" ಎಂದರು. ಎಲ್ಲರೂ ನಕ್ಕರು. "ಗುಮಾಸ್ತರೇ ಹೊಸ ಕಾದಂಬರಿ ಬರೀತಾವ್ರೆ ಬಿಡಿ!" ಎಂದು ಯಾರೋ ಕೂಗಿದರು. ಮೇಷ್ಟ್ರು ಮಾತ್ರ ಕನ್ನಡಕದ ಮೇಲಿನಿಂದ ನನ್ನನ್ನೇ ನೋಡಿದರು.

ಮುನಿಯಲ್ಲಮ್ಮ ನಗಲಿಲ್ಲ. "ಸಾಮಿ, ನಂಗೆ ಓದಕ್ ಬರಕ್ಕಿಲ್ಲ. ನೀವೇಳಿದ್ದೇ ನಿಜ ಅಂತ ನಂಬ್ಕಂಡಿದ್ದೆ. ಇಲ್ದಿದ್ದುನ್ನ ಯಾಕೇಳಿದ್ರಿ?" ಎಂದರು.

ಅಂದಿನಿಂದ ಕೂತಲ್ಲಿ ಕೂರಲಾರೆ. ಎರಡು ಸಲ ಚೀಲ ಹಿಡಿದು ಸ್ಟೇಷನ್ನಿಗೆ ಹೋಗಿ, ಗಾಡಿ ಬಂದರೂ ಹತ್ತದೆ ವಾಪಸು ಬಂದೆ. ಮನೆಗೆ ಹೋಗಲು ಧೈರ್ಯವಿಲ್ಲ, ಇಲ್ಲಿ ಪುಟ ತಿರುವಿದರೆ ಒಂದು ಸಾಲೂ ತಲೆಗೆ ಹತ್ತುವುದಿಲ್ಲ.

ಮುನಿಕೃಷ್ಣಪ್ಪನವರಿಗೆ ನನ್ನ ನಮಸ್ಕಾರ ತಿಳಿಸು. ಅಳಿಯನಿಗೆ ನಾನು ಹೇಳುತ್ತಿರುವ ಮೊದಲ ನಮಸ್ಕಾರವಿದು. ಮಗುವಿಗೆ ಆಯುಸ್ಸು, ಆರೋಗ್ಯ ತುಂಬಿರಲಿ. ನೀನು ತಣ್ಣಗಿರು.

ಇಂತಿ ನಿನ್ನ ತಂದೆ,
ತ್ರಿವಿಕ್ರಮ

ಮರೆತ ಮಾತು: ಮರೆತದ್ದಲ್ಲ, ಮೇಲೆ ಬರೆಯಲಾಗಲಿಲ್ಲ. ನಿನ್ನ ಮೂರನೆಯ ಕಾಗದದಲ್ಲಿ, "ಹೆರಿಗೆಗೆ ಅಮ್ಮನನ್ನು ಕಳಿಸಿಕೊಡಿ, ನನಗೆ ಭಯವಾಗುತ್ತಿದೆ" ಎಂದಿತ್ತು. ಅಮ್ಮನಿಗೆ ಅಕ್ಷರ ಬಾರದು, ಓದಿ ಹೇಳಿದವನು ನಾನು. "ಇಲ್ಲಿ ಅತ್ತೆ ಇದ್ದಾರೆ, ಅಮ್ಮ ಬರುವುದು ಬೇಡ" ಎಂದು ಓದಿದೆ. ಅವಳು, "ಇನ್ನೊಂದ್ಸಲ ಓದಿ" ಎಂದಳು. ಇನ್ನೊಂದು ಸಲವೂ ಹಾಗೆಯೇ ಓದಿದೆ. ಕೂಸಿಗೆಂದು ಹೊಲಿದಿದ್ದ ಕುಲಾವಿಗಳನ್ನು ಅವಳು ಅಂದೇ ಪೆಟ್ಟಿಗೆಯಲ್ಲಿಟ್ಟು ಮುಚ್ಚಿದಳು. ನೀನು ಕರೆಯಲಿಲ್ಲವೆಂದು ಅವಳು ನಂಬಿದ್ದಾಳೆ. ಅವಳು ಬರಲೊಪ್ಪಲಿಲ್ಲವೆಂದು ನೀನು ನಂಬಿರಬೇಕು. ನಾಡಿದ್ದು ಮನೆಗೆ ಹೋಗಿ ಇದ್ದದ್ದನ್ನು ಇದ್ದ ಹಾಗೆ ಹೇಳುತ್ತೇನೆ. ನೀನು ಉತ್ತರ ಬರೆಯುವುದಾದರೆ ಅವಳ ಹೆಸರಿಗೇ ಬರೆ. ಪಕ್ಕದ ಮನೆಯ ನಾಗಮಣಿ ಓದಿ ಹೇಳಲಿ.